ನೀರಿಗಿಳಿದ ವಿಮಾನ, ನೀರಿಗಿಳಿದ ಹನುಮಕ್ಕ

ನಮ್ಮ ಹೊಳಲ್ಕೆರೆ ಕಡೆಯ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದ ವರ್ಷ ಅದು. ದೀಪಾವಳಿ ಆಗತಾನೇ ಮುಗಿದಿತ್ತು. ನಾನು ಚಿಕ್ಕಜಾಜೂರಿನಲ್ಲಿ ರೈಲ್ವೆ ಸಿಗ್ನಲ್ ಕೆಲಸದಲ್ಲಿರುವವನು. ತಂತಿ, ಬ್ಯಾಟರಿ, ಬೆಸುಗೆಗಳ ಸಹವಾಸ ಮನೆಗೆ ಬಂದ ಮೇಲೂ ನನ್ನನ್ನು ಬಿಡುವುದಿಲ್ಲ. ಚಿಕ್ಕ ಚಿಕ್ಕ ರಿಮೋಟ್ ವಿಮಾನಗಳನ್ನು ನಾನೇ ಮಾಡಿ ಬಯಲಿನಲ್ಲಿ ಹಾರಿಸುತ್ತಿದ್ದೆ. ಕೆರೆಗಳು ತುಂಬಿದ್ದು ನೋಡಿದ ಮೇಲೆ, ನೀರಿನಿಂದಲೇ ಏರಿ ನೀರಿನ ಮೇಲೇ ಇಳಿಯುವ ವಿಮಾನ ಮಾಡಬೇಕೆಂಬ ಹುಚ್ಚು ಹತ್ತಿತು.

ಫ್ರಿಜ್ ಜೊತೆ ಬಂದಿದ್ದ ಥರ್ಮಾಕೋಲನ್ನು ನನ್ನ ಹೆಂಡತಿ ಸವಿತಾ ಎತ್ತಿಟ್ಟಿದ್ದಳು. ಅದರಲ್ಲಿ ಪುಟ್ಟ ದೋಣಿಗಳಂಥ ಎರಡು ಕಾಲು ಕೊರೆದೆ. ರೆಕ್ಕೆಗೆ ಫೋಮ್ ಹಾಳೆ, ಅದರೊಳಗೆ ಬಿದಿರಿನ ಸೀಳು, ಕಾಲುಗಳನ್ನು ಬಿಗಿಯಲು ಹಳೇ ಸೈಕಲ್ಲಿನ ಕಡ್ಡಿ. ಮೋಟರು, ರಿಮೋಟು ಮಾತ್ರ ಅಂಗಡಿಯವು. ಹೊಸದುರ್ಗದಲ್ಲಿ ಮಾವನವರ ತೆಂಗಿನ ತೋಟದ ಕೃಷಿಹೊಂಡದಲ್ಲಿ ಮೊದಲ ಪರೀಕ್ಷೆ ಮಾಡಿದೆ. ವಿಮಾನ ತೇಲಿತು, ಜೋರಾಗಿ ಓಡಿತು, ಆದರೆ ಏಳಲೇ ಇಲ್ಲ.

"ಇಮಾನ ಅಂದ್ರಿ, ಇದು ಬಾತುಕೋಳಿ ಆಗೈತಲ್ರೀ ಅಳಿಯಂದ್ರೆ," ಎಂದು ಮಾವ ನಕ್ಕರು.

ನೀರು ಅದರ ಕಾಲುಗಳನ್ನು ಅಂಟಿನಂತೆ ಹಿಡಿದುಕೊಳ್ಳುತ್ತಿತ್ತು. ಹಲವು ಸಲ ಸೋತ ಮೇಲೆ, ಕಾಲುಗಳ ಅಡಿಯಲ್ಲಿ ಮೆಟ್ಟಿಲಿನ ಹಾಗೆ ಒಂದು ಕಚ್ಚು ಮಾಡಬೇಕೆಂದು ಗೊತ್ತಾಯಿತು. ಅಲ್ಲಿ ಗಾಳಿ ಸೇರಿದರೆ ನೀರು ಹಿಡಿತ ಬಿಡುತ್ತದೆ. ಹಾಗೆಯೇ ಮಾಡಿಕೊಂಡು, ಒಂದು ಭಾನುವಾರ ಬೆಳಿಗ್ಗೆ ಸವಿತಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಿ.ದುರ್ಗದ ಕಡೆಯ ಒಂದು ಕೆರೆಗೆ ಹೋದೆ. ವಿಮಾನ ಅವಳ ತೊಡೆಯ ಮೇಲಿತ್ತು.

ಕೆರೆಯ ದಂಡೆಯಲ್ಲಿ ಸ್ವಲ್ಪ ದೂರಕ್ಕೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದುದು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ವಿಮಾನವನ್ನು ನೀರಿಗೆ ಬಿಟ್ಟು ವೇಗ ಕೊಟ್ಟೆ. ನೀರನ್ನು ಸೀಳುತ್ತಾ ಹೋಗಿದ್ದು ಒಮ್ಮೆಲೇ ಹಗುರಾಗಿ ಮೇಲೆದ್ದಿತು! ಸವಿತಾ ಚಪ್ಪಾಳೆ ತಟ್ಟಿ ಕುಣಿದಳು. ಒಂದು ಸುತ್ತು ಹಾಕಿ ಇಳಿಸುವಾಗ ಅಡ್ಡಗಾಳಿ ಬೀಸಿತು. ವಿಮಾನ ಮಗುಚಿ ಬಿತ್ತು, ಮೋಟರು ನಿಂತಿತು.

ದಂಡೆಯಿಂದ ಬಹಳ ದೂರವೇನೂ ಇರಲಿಲ್ಲ. ನೀರು ಮೊಣಕಾಲಿನಷ್ಟೇ ಇತ್ತು. ನನಗೆ ಈಜು ಬರುವುದಿಲ್ಲ. ಆದರೂ ಇಷ್ಟೇ ತಾನೇ ಎಂದುಕೊಂಡು ಪ್ಯಾಂಟು ಮಡಚಿ ನಡೆದೆ. ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ಕಾಲ ಕೆಳಗೆ ನೆಲವೇ ಇಲ್ಲ. ಮುಳುಗಿಬಿಟ್ಟೆ. ಮೂಗು, ಬಾಯಿಗೆಲ್ಲ ಕೆಂಪು ನೀರು ನುಗ್ಗಿತು. ಮೇಲೆ ಬಂದಾಗ ಸವಿತಾಳ ಕೂಗು ಕೇಳಿಸಿತು, ಮತ್ತೆ ಮುಳುಗಿದಾಗ ಅದೂ ಇಲ್ಲ. ಸಾವು ಇಷ್ಟು ಹತ್ತಿರ, ಇಷ್ಟು ಸುಲಭವೇ ಅನ್ನಿಸಿದ್ದು ನೆನಪಿದೆ.

ಮುಂದೆ ನಡೆದದ್ದನ್ನು ಸವಿತಾ ಹೇಳಬೇಕು. ಬಟ್ಟೆ ಒಗೆಯುತ್ತಿದ್ದ ಹೆಂಗಸು ಒದ್ದೆ ಸೀರೆಗಳನ್ನು ಎತ್ತಿಕೊಂಡು ಓಡಿ ಬಂದರಂತೆ. ಎರಡು ಸೀರೆಗಳನ್ನು ಗಂಟು ಹಾಕಿ, ಒಂದು ತುದಿಯನ್ನು ದಂಡೆಯ ಜಾಲಿ ಗಿಡಕ್ಕೆ ಬಿಗಿದು, "ಅಳಬ್ಯಾಡ, ಇದನ್ನ ಗಟ್ಟಿಯಾಗಿ ಹಿಡ್ಕಾ!" ಎಂದು ಸವಿತಾಳಿಗೆ ಹೇಳಿ, ಇನ್ನೊಂದು ತುದಿ ಹಿಡಿದು ತಾವೇ ನೀರಿಗಿಳಿದರಂತೆ. ನನಗೆ ಗೊತ್ತಾದದ್ದು ಇಷ್ಟೇ: ಯಾವುದೋ ಕೈ ನನ್ನ ಕಾಲರ್ ಹಿಡಿಯಿತು, ಬಟ್ಟೆಯೊಂದು ಬೆರಳಿಗೆ ಸಿಕ್ಕಿತು.

ದಂಡೆಯಲ್ಲಿ ಬೋರಲಾಗಿ ಮಲಗಿಸಿ ಬೆನ್ನು ತಟ್ಟಿದರು. ನೀರು ಕಕ್ಕಿ ಕಣ್ಣು ಬಿಟ್ಟಾಗ ಬೈಗುಳ ಶುರುವಾಗಿತ್ತು. "ಏನಪ್ಪ, ಆ ಆಟದ ಸಾಮಾನಿಗೆ ಪ್ರಾಣ ಕೊಡಾಕೆ ಹೊಂಟಿದ್ಯಾ? ಇಲ್ಲೆಲ್ಲ ಮಣ್ಣು ತಗ್ದು ಗುಂಡಿ ಮಾಡವ್ರೆ. ನೀರು ತುಂಬಿದ್ ಮ್ಯಾಲೆ ಯಾರಿಗ್ ಕಾಣ್ತೈತೆ? ನೋಡು, ಈ ಹುಡುಗಿ ಮುಖ ನೋಡು!"

ಬೈಯುತ್ತಲೇ ನಮ್ಮನ್ನು ಮನೆಗೆ ಕರೆದುಕೊಂಡು ಹೋದರು. ಒಣಗಿದ ಪಂಚೆ ಕೊಟ್ಟು, ಒಲೆಯ ಮುಂದೆ ಕೂರಿಸಿ, ಬೆಲ್ಲದ ಕಾಫಿ ಕುಡಿಸಿದರು. ಅವರ ಹೆಸರು ಹನುಮಕ್ಕ. ನಾನು ಪೂರ್ತಿ ಸುಧಾರಿಸಿಕೊಳ್ಳುವವರೆಗೂ ಬೈಕ್ ಹತ್ತಲು ಬಿಡಲಿಲ್ಲ. ವಿಮಾನದ ಯೋಚನೆ ನಮ್ಮಿಬ್ಬರಿಗೂ ಬರಲೇ ಇಲ್ಲ.

ಮುಂದಿನ ಭಾನುವಾರ ಹಣ್ಣು, ಹೊಸ ಸೀರೆ ಹಿಡಿದು ಅವರ ಮನೆಗೆ ಹೋದೆವು. ಒಳಗೆ ಕಾಲಿಟ್ಟರೆ, ಜಂತೆಗೆ ಹಗ್ಗ ಕಟ್ಟಿ ನನ್ನ ವಿಮಾನವನ್ನು ತೂಗು ಹಾಕಿದ್ದರು!

"ಗಾಳಿಗೆ ತೇಲ್ಕಂಡು ದಡಕ್ ಬಂದಿತ್ತು ಕಣಪ್ಪ. ಕೆಳಗಿಟ್ರೆ ಆಡು ತಿಂದಾವು ಅಂತ ಮ್ಯಾಲ್ ಕಟ್ಟೀನಿ. ಬರ್ರಿ, ಕುಂತ್ಕಳ್ರಿ."

ನಾವು ಕೊಟ್ಟ ಸೀರೆಯ ಮಡಿಕೆ ಬಿಚ್ಚಿ ನೋಡಿ, ಬಣ್ಣ ಚೆನ್ನಾಗೈತೆ ಎಂದು ಮಡಿಲಲ್ಲಿಟ್ಟುಕೊಂಡರು. ಒಂದು ರೆಕ್ಕೆ ಸೀಳಿದ್ದು ಬಿಟ್ಟರೆ ವಿಮಾನ ಗಟ್ಟಿಯಾಗಿತ್ತು. ಮಾತಿನ ನಡುವೆ ಸವಿತಾ, "ನಿಮಗೆ ಈಜು ಬಂದಿದ್ದಕ್ಕೆ ಇವರು ಉಳಿದ್ರು ಹನುಮಕ್ಕ," ಅಂದಳು.

"ನಂಗೆಲ್ಲಿ ಈಜು ಬರ್ತೈತೆ ತಾಯಿ? ಎದೆಮಟ್ಟ ನೀರಿಗೂ ಇಳಿದೋಳಲ್ಲ ನಾನು."

ನಾನು ಕೇಳಿದೆ, "ಮತ್ತೆ ಹೆಂಗೆ ಇಳಿದ್ರಿ? ಹೆದರಿಕೆ ಆಗಲಿಲ್ವಾ?"

"ಆ ಹೊತ್ನಾಗ ಅದೆಲ್ಲ ಎಲ್ಲಿ ನೆನಪಾಗ್ತೈತೆ? ಮನೆಗ್ ಬಂದು ಒಲೆ ಹಚ್ಚುವಾಗ ಹೆದರಿಕೆ ಆತು ನೋಡು," ಎಂದು ನಕ್ಕರು.

ಈಗ ನಾನು ಈಜು ಕಲಿತಿದ್ದೇನೆ. ನೀರಿನ ವಿಮಾನವನ್ನು ಇನ್ನೂ ಹಾರಿಸುತ್ತೇನೆ. ಕಷ್ಟದಲ್ಲಿರುವ ಯಾರೋ ಅಪರಿಚಿತರು ಕಂಡಾಗ, ಇದು ನನ್ನಿಂದ ಆದೀತೇ ಎಂದು ಮನಸ್ಸು ಅಳೆದು ಸುರಿದು ನೋಡುವುದುಂಟು. ಆಗ ಹನುಮಕ್ಕನ ನೆನಪಾಗುತ್ತದೆ. ಅಂದು ದಂಡೆಯಲ್ಲಿ ನಿಂತು ಅವರೂ ಹಾಗೆಯೇ ಯೋಚಿಸಿದ್ದರೆ, ಇದನ್ನು ಬರೆಯಲು ನಾನಿರುತ್ತಿರಲಿಲ್ಲ.