ಗೌಪ್ಯ ವರದಿಯ ಎರಡು ಸಾಲು

1979ರಲ್ಲಿ ನಾನು ಮಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಸ್ಟೆನೊ ಆಗಿದ್ದೆ. ಕದ್ರಿಯ ಏರಿನಲ್ಲಿ ಹಂಚಿನ ಮಾಡಿನ ಕಚೇರಿ. ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷಗಳ ಸರ್ವಿಸಿನಲ್ಲಿ ನಾನು ಟೈಪ್ ಮಾಡಿದ ಒಂದು ಕಾಗದವೂ ತಪ್ಪಿಗಾಗಿ ವಾಪಸು ಬಂದಿರಲಿಲ್ಲ. ಶೆಟ್ರ ಮನೆಯವಳೆಂಬ ಜಂಬ ಮೊದಲೇ ಇತ್ತು, ಅದರ ಮೇಲೆ ಈ ಜಂಬವೂ ಸೇರಿಕೊಂಡಿತ್ತು.

ಮಾರ್ಚ್ ಎಂದರೆ ಗೌಪ್ಯ ವರದಿಯ ತಿಂಗಳು. ನಾವು ಅದನ್ನು ಸಿ.ಆರ್. ಎನ್ನುತ್ತಿದ್ದೆವು. ಪ್ರತಿ ನೌಕರನ ಕೆಲಸ, ನಡತೆಗಳ ಬಗ್ಗೆ ಸಾಹೇಬರು ವರ್ಷಕ್ಕೊಮ್ಮೆ ನಾಲ್ಕು ಸಾಲು ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸಬೇಕು. ಬಡ್ತಿ ನಿಲ್ಲುವುದು ಅದರ ಮೇಲೆ. ಯಾರ ಬಗ್ಗೆ ಬರೆದಿದೆಯೋ ಅವರಿಗೇ ಅದನ್ನು ನೋಡುವ ಹಕ್ಕಿರಲಿಲ್ಲ. ಆದರೆ ಒಂದು ನಿಯಮವಿತ್ತು. ವರದಿಯಲ್ಲಿ ಕೆಟ್ಟದ್ದೇನಾದರೂ ಬರೆದರೆ, ಅಂದರೆ ಅಡ್ವರ್ಸ್ ರಿಮಾರ್ಕ್ ಹಾಕಿದರೆ, ಅದನ್ನು ನೌಕರನಿಗೆ ಲಿಖಿತವಾಗಿ ತಿಳಿಸಲೇಬೇಕು. ಅವನು ಅದಕ್ಕೆ ಉತ್ತರ ಕೊಡಬಹುದು.

ಆ ವರ್ಷ ಫಾರ್ಮುಗಳ ಜೊತೆಗೆ ಒಂದು ಸುತ್ತೋಲೆಯೂ ಬಂತು. ವರದಿ ಬರೆಯುವ ಅಧಿಕಾರಿ ಇದ್ದದ್ದನ್ನು ನೇರ ಬರೆಯಬೇಕು, ‘ಇನ್ಸಿನ್ಯುಯೇಟ್’ ಮಾಡಕೂಡದು ಎಂದಿತ್ತು. ಆ ಕ್ರಿಯಾಪದದ ಅರ್ಥ ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಿಘಂಟು ತೆಗೆದು ನೋಡಿದೆ. ‘ಹಿಂಟ್’ ಎಂದರೆ ಬರೀ ಸುಳಿವು. ಒಳ್ಳೆಯದಕ್ಕೂ ಕೊಡಬಹುದು, ತಮಾಷೆಗೂ ಕೊಡಬಹುದು. ‘ಸಜೆಸ್ಟ್’ ಎಂದರೆ ಸೂಚಿಸುವುದು. ‘ಇನ್ಸಿನ್ಯುಯೇಟ್’ನಲ್ಲಿ ಮಾತ್ರ ಯಾವಾಗಲೂ ವಿಷವಿರುತ್ತದೆ: ಕೆಟ್ಟದ್ದನ್ನು ಬಾಯಿಬಿಟ್ಟು ಹೇಳದೆ, ಕೇಳುವವನ ಮನಸ್ಸಿನೊಳಗೆ ಮೆಲ್ಲನೆ ನುಸುಳಿಸುವುದು. ಹೊಸ ಪದ ಸಿಕ್ಕಿತೆಂದು ಖುಷಿಯಾಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ನಮ್ಮಲ್ಲಿ ಜಲಜ ಎಂಬ ಪ್ರಥಮ ದರ್ಜೆ ಗುಮಾಸ್ತೆಯಿದ್ದಳು. ಉಳ್ಳಾಲದ ಮೊಗವೀರರ ಮನೆಯವಳು. ಅಣ್ಣಂದಿರು ಮೀನು ಹಿಡಿಯಲು ದೋಣಿಗೆ ಹೋಗುವವರು. ಮದುವೆಯಾಗಿರಲಿಲ್ಲ. ತಾಯಿಗೆ ಪಾರ್ಶ್ವವಾಯು ಬಡಿದು ಒಂದು ಬದಿ ಬಿದ್ದುಹೋಗಿತ್ತು. ವಾರಕ್ಕೆರಡು ಸಲ ಬಸ್ಸಿನಲ್ಲಿ ಎತ್ತಿ ಕೂರಿಸಿಕೊಂಡು ನದಿ ದಾಟಿಸಿ ಮಂಗಳೂರಿನ ಆಸ್ಪತ್ರೆಗೆ ತರಬೇಕಿತ್ತು. ಸೂಪರಿಂಟೆಂಡೆಂಟ್ ಆಗಿ ಬಡ್ತಿ ಸಿಕ್ಕಿದರೆ ಕಚೇರಿಯ ಹಿಂದಿನ ಕ್ವಾರ್ಟರ್ಸ್ ಅವಳದಾಗುತ್ತಿತ್ತು, ಅಲ್ಲಿಂದ ಆಸ್ಪತ್ರೆ ಹತ್ತಿರ. ಸೀನಿಯಾರಿಟಿಯಲ್ಲಿ ಅವಳದೇ ಮೊದಲ ಹೆಸರು.

ಸಂಜೆ ಐದಾದ ಮೇಲೆ ಅವಳ ಮೇಜಿನ ಸುತ್ತ ಅವಳೂರಿನ ಗಂಡಸರು ನಿಲ್ಲುತ್ತಿದ್ದರು. ದೋಣಿಯ ಲೈಸೆನ್ಸಿಗೆ, ರೇಷನ್ ಕಾರ್ಡಿಗೆ, ಶಾಲೆಗೆ ಅರ್ಜಿ ಬರೆಸಿಕೊಳ್ಳುವವರು. ಓದು ಬರಹ ಬಾರದ ಅವರಿಗೆ ಅವಳೇ ಗತಿ. ಆರೂವರೆಯ ಬಸ್ಸಿನವರೆಗೆ ಪುಕ್ಕಟೆ ಬರೆದುಕೊಡುತ್ತಿದ್ದಳು.

ಫೆಬ್ರವರಿಯಲ್ಲಿ ಹೆಡ್ ಆಫೀಸಿನ ಹಿರಿಯ ಅಧಿಕಾರಿ ತಪಾಸಣೆಗೆ ಬಂದಿದ್ದರು. ಬಾಕಿ ಕಡತ ಎಷ್ಟೆಂದು ಅವರು ಕೇಳಿದಾಗ ನಮ್ಮ ಸಾಹೇಬರು ‘ಹತ್ತೋ ಹನ್ನೆರಡೋ’ ಎಂದರು. ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ನಿಂತಿದ್ದ ಜಲಜ, ‘ಅಲ್ಲ ಸರ್, ಅರವತ್ತನಾಲ್ಕು ಉಂಟು’ ಎಂದುಬಿಟ್ಟಳು. ಅವಳ ಬಾಯಿಗೆ ಸುಳ್ಳು ಬರುತ್ತಿರಲಿಲ್ಲ, ಅಷ್ಟೆ. ಸಾಹೇಬರ ಮುಖ ಸಣ್ಣದಾಯಿತು.

ಮಾರ್ಚಿನಲ್ಲಿ ಅವಳ ಸಿ.ಆರ್. ಹೇಳುತ್ತಾ ಸಾಹೇಬರು ‘ಮೇಲಧಿಕಾರಿಗೆ ಅವಿಧೇಯಳು’ ಎಂದು ಬರೆಸಿದರು. ನನಗೆ ತಡೆಯಲಾಗಲಿಲ್ಲ. ಪೆನ್ಸಿಲ್ ನಿಲ್ಲಿಸಿ, ‘ಸರ್, ಇದು ಅಡ್ವರ್ಸ್ ಆಗ್ತದೆ. ಅವಳಿಗೆ ಕಾಪಿ ಕೊಡಬೇಕಾಗ್ತದೆ. ಅವಳು ಉತ್ತರ ಬರೆದ್ರೆ ಆ ಅರವತ್ತನಾಲ್ಕು ಕಡತದ ವಿಷಯವೂ ಮೇಲೆ ಹೋಗ್ತದೆ’ ಎಂದೆ. ಅವಳನ್ನು ಉಳಿಸಿದೆ ಎಂದುಕೊಂಡೆ.

‘ಒಳ್ಳೆಯದೇ ನೆನಪು ಮಾಡಿದಿರಿ. ಹೊಡೆದು ಹಾಕಿ’ ಎಂದರು ಸಾಹೇಬರು. ಆಮೇಲೆ ನಿಧಾನವಾಗಿ ಬೇರೆ ಎರಡು ಸಾಲು ಹೇಳಿದರು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟು: ‘ಕಚೇರಿ ವೇಳೆಯ ನಂತರವೂ ಈಕೆಯನ್ನು ಕಾಣಲು ಹೊರಗಿನ ಪುರುಷರು ಪದೇ ಪದೇ ಬರುತ್ತಾರೆ. ಈ ಬಗ್ಗೆ ಇದುವರೆಗೆ ಯಾವ ದೂರೂ ಬಂದಿಲ್ಲ.’

ಒಂದಕ್ಷರವೂ ಸುಳ್ಳಲ್ಲ. ಅಡ್ವರ್ಸ್ ಎನ್ನಲು ಅದರಲ್ಲಿ ಏನೂ ಇಲ್ಲ, ಹಾಗಾಗಿ ಅವಳಿಗೆ ತಿಳಿಸಬೇಕಾಗಿಯೂ ಇಲ್ಲ. ‘ಸರ್, ಅವರು ಅರ್ಜಿ ಬರೆಸ್ಲಿಕ್ಕೆ ಬರುವವರು’ ಎಂದೆ. ‘ನಾನು ಬೇರೆ ಏನಾದರೂ ಹೇಳಿದೆನಾ?’ ಎಂದು ಕೇಳಿದರು. ನಾನು ಟೈಪ್ ಮಾಡಿದೆ. ತಪ್ಪಿಲ್ಲದೆ ಟೈಪ್ ಮಾಡಿದೆ.

ಗೌಪ್ಯ ವಿಷಯ ಹೊರಗೆ ಬಿಟ್ಟರೆ ಸ್ಟೆನೊ ಕೆಲಸ ಹೋಗುತ್ತದೆ. ನನ್ನ ಗಂಡನ ಹೋಟೆಲ್ ಮುಚ್ಚಿ ಆಗಷ್ಟೇ ಒಂದು ವರ್ಷವಾಗಿತ್ತು. ನೇರ ಹೇಳುವ ಧೈರ್ಯವಿಲ್ಲದೆ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಸುತ್ತಿ ಬಳಸಿ ಹೇಳಿದೆ: ‘ಜಲಜ, ಸಂಜೆ ಅರ್ಜಿ ಬರೆಯುವುದು ಸಾಕು ಮಾರಾಯ್ತಿ. ನೋಡುವವರ ಕಣ್ಣು ಎಲ್ಲ ಒಂದೇ ಥರ ಇರುವುದಿಲ್ಲ.’

ಅವಳು ನನ್ನ ಮುಖ ನೋಡಿದಳು. ‘ಅಕ್ಕ, ನೀವೂ ಹಾಗೆ ನೋಡ್ತೀರಾ?’ ಎಂದಳು. ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆ ಸಿಟ್ಟಿಗೋ ಏನೋ, ಅರ್ಜಿ ಬರೆಯುವುದನ್ನೂ ಬಿಡಲಿಲ್ಲ.

1980ರಲ್ಲಿ ಬಡ್ತಿಯ ಪಟ್ಟಿ ಬಂತು. ಅವಳಿಗಿಂತ ನಾಲ್ಕು ವರ್ಷ ಕಿರಿಯವನ ಹೆಸರಿತ್ತು. ಕಾರಣ ಬರೆದಿರಲಿಲ್ಲ. ಅದೇ ತಿಂಗಳು ಬೆಂಗಳೂರಿನಿಂದ ಬಂದ ಗುಮಾಸ್ತರೊಬ್ಬರು ಕಾಫಿ ಕುಡಿಯುತ್ತಾ, ‘ಆ ಜಲಜಾ ಅನ್ನೋರ ಮೇಲೆ ಏನೋ ಇದೆಯಂತಲ್ಲ?’ ಎಂದು ಕೇಳಿದರು. ‘ಏನೂ ಇಲ್ಲ’ ಎಂದೆ. ‘ಬಿಡಿ, ನಿಮ್ಮೋರು, ನೀವು ಹೇಳ್ತೀರಾ?’ ಎಂದು ನಕ್ಕರು. ಜಗಳವಾಡಲು ಅಲ್ಲಿ ಹಿಡಿಯುವುದಕ್ಕೊಂದು ಮಾತೇ ಇರಲಿಲ್ಲ. ಇಲ್ಲ ಎಂದಷ್ಟೂ ಅದು ಬೆಳೆಯುತ್ತಿತ್ತು.

ಮರುದಿನ ಜಲಜ ನನ್ನ ಟೈಪ್‌ರೈಟರಿನ ಮುಂದೆ ಬಂದು ನಿಂತಳು. ‘ಅಕ್ಕ, ನಿಮಗೆ ಗೊತ್ತುಂಟು. ನನ್ನ ಸಿ.ಆರ್.ನಲ್ಲಿ ಎಂತಾದ್ರೂ ಕೆಟ್ಟದು ಬರೆದಿದ್ದಾರಾ? ಅಷ್ಟು ಹೇಳಿ ಸಾಕು.’

ಒಳಗೆ ಸಾಹೇಬರು ಕುಳಿತಿದ್ದರು. ‘ಕೆಟ್ಟದು ಎಂತದೂ ಬರೆದಿಲ್ಲ’ ಎಂದೆ.

ಅವಳು ನಂಬಿದಳು. ‘ಹಾಗಾದ್ರೆ ನನ್ನ ಕೆಲಸವೇ ಸಾಲದು’ ಎಂದಳು. ಮುಂದಿನ ವಾರವೇ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಟೈಪಿಂಗಿನ ಸೀನಿಯರ್ ಪರೀಕ್ಷೆ ಕಟ್ಟಿದಳು, ಪಾಸಾದ ಸರ್ಟಿಫಿಕೇಟು ತಂದು ಮೊದಲು ನನಗೇ ತೋರಿಸಿದಳು. ಹತ್ತರ ಕಚೇರಿಗೆ ಒಂಬತ್ತೂವರೆಗೇ ಬಂದು ಕೂರತೊಡಗಿದಳು. 1982ರಲ್ಲಿ ತಾಯಿ ತೀರಿಕೊಂಡರು. 1984ರ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ. ಆಗ ಲೆಕ್ಕ ಪರೀಕ್ಷೆಯೊಂದಕ್ಕೆ ಓದುತ್ತಿದ್ದಳು.

ನೇರ ಬೈದಿದ್ದರೆ ಅವಳು ಸಾಹೇಬರೊಡನೆ ಹೋರಾಡುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ಬೈಗುಳವೇ ಕಾಣದ್ದರಿಂದ ತನ್ನೊಳಗೇ ತಪ್ಪು ಹುಡುಕುತ್ತಾ ಹೋದಳು. ‘ಇನ್ಸಿನ್ಯುಯೇಟ್’ ಎಂಬ ಆ ಕ್ರಿಯಾಪದದ ಬಳಕೆ ನನಗೆ ತಿಳಿದದ್ದು ಹೀಗೆ. ಆಮೇಲೆ ಕಿರಿಯ ಸ್ಟೆನೊಗಳು ಬಂದಾಗ ಒಂದೇ ಮಾತು ಹೇಳಿಕೊಟ್ಟೆ: ಸಾಹೇಬರು ಒರಟಾಗಿ ಬರೆಸಿದರೆ ತಿದ್ದಲು ಹೋಗಬೇಡಿ, ಹಾಗೇ ಟೈಪ್ ಮಾಡಿ, ಯಾರ ಬಗ್ಗೆ ಬರೆದಿದೆಯೋ ಅವರ ಕೈಗೇ ಅದರ ಕಾಪಿ ಹೋಗಲಿ. ಜಲಜಳಿಗೆ ಮಾತ್ರ ನಾನು ಇವತ್ತಿನವರೆಗೂ ಏನೂ ಹೇಳಿಲ್ಲ.