ಬಲಗೈಯ ತುತ್ತು

ತುಂಗಾ ಮದ್ರಾಸಿನಲ್ಲಿ ಯಾರನ್ನೂ ನಂಬಿದವಳಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಸೌಕಾರ್‌ಪೇಟೆಯ ಓಣಿಗೆ ಬಂದಂದಿನಿಂದ ಹಾಲನ್ನು ಬೆರಳಿಗೆ ಹಚ್ಚಿ ನೋಡಿಯೇ ಪಾತ್ರೆಗೆ ಹೊಯ್ಯಿಸಿಕೊಳ್ಳುತ್ತಿದ್ದಳು. ಗಂಡ ಸದಾನಂದ ಅಲ್ಲಿಯ ಹೋಟೆಲೊಂದರಲ್ಲಿ ದೋಸೆ ಹೊಯ್ಯುವವನು. ೧೯೬೩ರ ಬೇಸಗೆಯಲ್ಲಿ ಕಾವಲಿಯ ಮುಂದೆಯೇ ಕುಸಿದ. ಮಿದುಳಿಗೆ ಹೋಗುವ ರಕ್ತ ಒಂದು ಕಡೆ ಕಟ್ಟಿಕೊಂಡಿತ್ತು. ಬಲಗೈ ಸೋತಿತು.

ಆಸ್ಪತ್ರೆಯ ಡಾಕ್ಟರ್ ಮುರಳೀಧರ, ಮೈಸೂರಿನವರು, ಇಂಥ ರೋಗಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಸದಾನಂದನ ಮುಖಕ್ಕೆ ರಬ್ಬರಿನ ಮುಸುಕು ಹಾಕಿ ಯಾವುದೋ ಅನಿಲವನ್ನು ಉಸಿರಾಡಿಸಿ, ಕತ್ತಿನಿಂದ ರಕ್ತ ತೆಗೆದರು.

“ಕತ್ತಿಂದ ಯಾಕೆ? ಕೈಯಲ್ಲಿ ರಕ್ತ ಇಲ್ವಾ?” ಎಂದಳು ತುಂಗಾ.

“ಕೈಯಿಂದಲೂ ತಗೋತೀವಮ್ಮ. ಎರಡನ್ನೂ ಹೋಲಿಸಿದರೆ ಮಿದುಳಿಗೆ ಎಷ್ಟು ರಕ್ತ ಹೋಗ್ತಿದೆ ಅಂತ ಗೊತ್ತಾಗುತ್ತೆ.”

“ಗೊತ್ತಾದ ಮೇಲೆ ರಕ್ತ ಎಂತ ಮಾಡ್ತೀರಿ?”

ಜೊತೆಗೆ ಬಂದಿದ್ದ ಮೈದುನ ಕಿಟ್ಟಣ್ಣ ನಕ್ಕ. “ನೀರು ಬೆರೆಸಿ ನಿಮ್ಮ ಹಾಲಿನವನಿಗೆ ಮಾರ್ತಾರೆ, ಅತ್ತಿಗೆ.”

ಅವಳು ನಗಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ರಕ್ತದ ಹರಿವು ಚೇತರಿಸಿತ್ತು. ಡಾಕ್ಟರು ಹೇಳಿದರೆ ಬೆರಳುಗಳು ಮಡಚುತ್ತಿದ್ದವು. ಆದರೂ ಕೈ ಮಾತ್ರ ಮಡಿಲಲ್ಲಿ ಮಲಗಿಯೇ ಇರುತ್ತಿತ್ತು. ಅತ್ತ ಹೋಟೆಲಿನ ಧಣಿ ಊರಿನಿಂದ ಬೇರೆಯವನನ್ನು ಕರೆಸುವ ಮಾತಾಡುತ್ತಿದ್ದರು. ಡಾಕ್ಟರಿಗೂ ಏನೋ ಅನುಮಾನ ಬಂತು.

“ಮನೇಲಿ ಊಟ ಹೇಗೆ?”

“ಎಡಗೈಯಲ್ಲಿ ಉಣ್ಣುವುದುಂಟಾ? ನಾನೇ ತಿನ್ನಿಸುವುದು.”

“ಇನ್ನು ತಿನ್ನಿಸಬೇಡಿ. ಕೆಲಸ ಕೊಡದೆ ಆ ಕೈ ಏಳಲ್ಲ.”

ಉಪವಾಸ ಕೆಡವಿ ರಕ್ತ ಅಳೆಯುವ ಹುನ್ನಾರ ಎಂದು ತುಂಗಾ ದಾರಿಯುದ್ದಕ್ಕೂ ಗೊಣಗಿದಳು. ಆದರೆ ಇನ್ನೊಬ್ಬ ಆ ಕಾವಲಿಯ ಮುಂದೆ ನಿಲ್ಲುವುದನ್ನು ನೆನೆದರೆ, ಡಾಕ್ಟರನ್ನು ನಂಬದಿರುವುದಕ್ಕೂ ಭಯ. ಮಧ್ಯಾಹ್ನ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ ಬಡಿಸಿ, ಗೋಡೆಯ ಹತ್ತಿರ ಹೋಗಿ ಕುಳಿತಳು.

ಸದಾನಂದ ಬಾಯಿ ತೆರೆದು ಕಾದ. “ಎಂತ ಮಾರಾಯ್ತಿ, ಹಸಿವಾಗ್ತದೆ.” ಆಮೇಲೆ ಗದರಿದ. ಅನ್ನ ಆರುತ್ತಿತ್ತು. ಕೊನೆಗೆ ಎಡಗೈ ಚಾಚಿದ.

“ಅದಲ್ಲ,” ಎಂದಳು.

“ಆ ಡಾಕ್ಟರು ನಿನಗೆ ಎಂತ ಹೇಳಿಕೊಟ್ಟಿದ್ದಾರೆ?”

ತುಂಗಾ ಸೆರಗಿನಡಿ ತನ್ನ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದಿದ್ದಳು.

ಅವನ ಬಲಗೈ ನೆಲದ ಮೇಲೆ ತೆವಳುತ್ತ ಎಲೆಗೆ ಬಂತು. ಅನ್ನ ಚೆಲ್ಲಿತು, ಗಲ್ಲಕ್ಕೆ ಮೆತ್ತಿತು. ಕೆಲವು ಅಗುಳು ಬಾಯಿ ಸೇರಿದವು. ಅವನು ಜಗಿಯುತ್ತ ಅವಳನ್ನೇ ಗುಮಾನಿಯಿಂದ ನೋಡಿದ, ಪರ ಊರಿನ ಯಾರನ್ನೋ ನೋಡುವಂತೆ.

“ಸಾರು ಹಾಕ್ಲಾ?” ಎಂದಳು ತುಂಗಾ.