ಕೌದಿಯ ಹೊಟ್ಟೆಗೆ ಹೋಳಿಗೆ

ಹೊಲಿಗೆ ಸೊಟ್ಟಗಿದ್ದರೆ ನನಗೆ ಮೈಯೆಲ್ಲ ತುರಿಸುತ್ತದೆ. ಮದುವೆಗೆ ಹೋದರೂ ಮುಂದೆ ಕೂತವಳ ಜಂಪರಿನ ಬೆನ್ನನ್ನೇ ನೋಡುತ್ತ ಅಕ್ಷತೆ ಹಾಕುವುದನ್ನು ಮರೆಯುತ್ತೇನೆ. ಇಂಥವಳ ಮಸ್ಕಿಯ ಮನೆಗೆ ಸಿಂಧನೂರಿನಿಂದ ಮೋಟಾರಿನ ಹೊಲಿಗೆ ಮಿಷನ್ ಬಂದರೆ ಕೇಳಬೇಕೆ? ದಿಂಬಿನ ಚೀಲ, ಕಿಟಕಿಯ ಪರದೆ, ಕೊನೆಗೆ ಮಿಕ್ಸಿಗೂ ಒಂದು ಅಂಗಿ ಹೊಲಿದೆ. ಅತ್ತೆ ಪ್ರತಿಯೊಂದನ್ನೂ ತಿರುವಿಹಾಕಿ, ಒಳಮೈ ಸವರಿ, "ಹ್ಞೂಂ" ಅಂದು ಪಕ್ಕಕ್ಕಿಡುತ್ತಿದ್ದರು. ಅವರ ಬಾಯಿಂದ ಒಂದೇ ಒಂದು ಸಲ "ಚಲೋ ಆಗೈತಿ" ಅನ್ನಿಸಬೇಕು ಅನ್ನುವುದು ನನ್ನ ಹಟವಾಗಿಬಿಟ್ಟಿತು.

ಅಷ್ಟರಲ್ಲಿ ಲಿಂಗಸುಗೂರಿಗೆ ಕೊಟ್ಟ ನಾದಿನಿಗೆ ಎರಡನೆಯ ಹೆರಿಗೆ ಅಲ್ಲೇ ಆಯಿತು, ಹೆಣ್ಣು ಕೂಸು. ತೊಟ್ಟಿಲಿಗೆ ತವರಿನ ಕೌದಿ ಹೋಗಬೇಕು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಆ ಹೊದಿಕೆಯನ್ನು ನಮ್ಮ ಮನೆಯಲ್ಲಿ ಯಾವತ್ತೂ ಅತ್ತೆಯೇ ಕೈಯಲ್ಲಿ ಹೊಲಿದವರು. ಈಗ ಅವರ ಕಣ್ಣು ಮಂಜಾಗಿತ್ತು.

"ನಾ ಮಿಷನ್ ಮ್ಯಾಲೆ ಹೊಲಿತೀನ್ರೀ ಅತ್ತಿ," ಅಂದೆ.

"ಮಿಷನ್ ಕೌದಿ ಕೂಸಿಗೆ ಚುಚ್ಚತೈತಿ," ಅಂದರು. ಆದರೂ ತಮ್ಮ ಮೆತ್ತನೆಯ ಸೀರೆಗಳನ್ನು ತೆಗೆದುಕೊಟ್ಟರು.

ಸೀರೆಗಳಿಗೆ ಇಸ್ತ್ರಿ ಹೊಡೆದೆ. ಪದರ ಜಾರದ ಹಾಗೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಸೀಮೆಸುಣ್ಣದ ಗೆರೆ ಎಳೆದೆ. ದಪ್ಪ ಸೂಜಿ ಏರಿಸಿ ನಡುವಿನಿಂದ ಅಂಚಿಗೆ ಹೊಲಿಯುತ್ತ ಬಂದೆ. ಅಂಚಿನಿಂದ ಶುರುಮಾಡಿದರೆ ನಡುವೆ ಬಟ್ಟೆ ಬುಗ್ಗೆ ಏಳುತ್ತದೆ. ಬಟ್ಟೆಯನ್ನು ಎಳೆಯಬಾರದು, ದಾರಿ ತೋರಿಸಬೇಕು ಅಷ್ಟೆ. ಗಂಡನ ವಿಷಯದಲ್ಲೂ ನನ್ನದು ಇದೇ ಪದ್ಧತಿ.

ಕೊನೆಯ ಮೂಲೆಗೆ ಬಂದಾಗ ಮಿಷನ್ ಘರ್ರೆಂದು ನಿಂತಿತು. ಅಡಿಯಲ್ಲಿ ದಾರ ಗಂಟುಗಂಟಾಗಿತ್ತು. ದಾರ ಬದಲಿಸಿದೆ, ಬಾಬಿನ್ ಒರೆಸಿದೆ, ಹೊಸ ಸೂಜಿ ಹಾಕಿದೆ. ಅದು ಲಟಕ್ಕನೆ ಮುರಿಯಿತು.

"ಈ ಮಿಷನ್ನೇ ಸರಿಯಿಲ್ರೀ!"

"ಕುಣಿಲಾರದಾಕಿ ಅಂಗಳ ಡೊಂಕ ಅಂದ್ಲಂತ," ಎಂದು ಅತ್ತೆ ಗೋಡೆಗೆ ಹೇಳಿದರು.

ಆಗ ಇರುವೆಗಳು ಕಂಡವು. ನನ್ನ ಹೊಲಿಗೆಗಿಂತ ನೇರವಾದ ಸಾಲಿನಲ್ಲಿ ಆ ಮೂಲೆಗೇ ಬರುತ್ತಿದ್ದವು. ಬಿಚ್ಚಿ ನೋಡಿದರೆ ಒಳಗೆ ಹೋಳಿಗೆಯ ಚೂರು, ಹೂರಣದಲ್ಲಿ ಸಿಕ್ಕಿಕೊಂಡ ಸೂಜಿಯ ತುದಿ!

"ಏನ್ರೀ ಇದು?"

"ಕೌದಿ ಹೊಟ್ಟಿ ಖಾಲಿ ಇಡಬಾರದು ಬೇ. ತಿನ್ನಾಕ ಏನರ ಇಟ್ಟು ಮೂಲಿ ಮುಚ್ಚಬೇಕು. ಇಲ್ಲಾಂದ್ರ ಹೊತ್ಕೊಂಡ ಕೂಸಿಗೆ ಹಸಿವು ತಪ್ಪಂಗಿಲ್ಲ."

"ರೊಟ್ಟಿ ಚೂರು ಇಟ್ಟಿದ್ರ ಸಾಕಿತ್ತಲ್ರೀ!"

"ನನ್ನ ಮೊಮ್ಮಗಳಿಗೆ ಒಣ ರೊಟ್ಟಿ ಇಡ್ಲ್ಯೇನು?"

ಇರುವೆ ಕೂಸನ್ನು ಕಡಿದಾವು ಎಂದು ನಾನು ಹೆದರಿಸಿದ ಮೇಲೆ ಅತ್ತೆ ಗರಿಗರಿ ಒಣಗಿದ ಕಟಕ್ ರೊಟ್ಟಿಯ ಚೂರಿಗೆ ಇಳಿದರು. ಆದರೆ ಆ ಮೂಲೆಯನ್ನು ತಾವೇ ಕೈಯಲ್ಲಿ ಹೊಲಿಯುತ್ತೇನೆಂದು ಪಟ್ಟುಹಿಡಿದರು. ಸೂಜಿ ಪೋಣಿಸಿ ಕೊಟ್ಟೆ. ಬೆರಳಿನಿಂದ ತಡವಿ ತಡವಿ ಹೊಲಿದರು. ಹೊಲಿಗೆ ಆಡು ಹೋದ ಹಾದಿಯಂತೆ ಎಲ್ಲೆಲ್ಲೋ ಹೋಯಿತು. ಮಧ್ಯಾಹ್ನ ಅವರು ಮಲಗಿದಾಗ ಮೆಲ್ಲಗೆ ಬಿಚ್ಚಿ ಸರಿಮಾಡೋಣ ಅಂದುಕೊಂಡೆ. ನೋಡಿದರೆ ಕೌದಿಯನ್ನೇ ಮಡಚಿ ತಲೆಗಿಟ್ಟುಕೊಂಡು ಮಲಗಿದ್ದರು.

ತೊಟ್ಟಿಲ ದಿನ ಲಿಂಗಸುಗೂರಿನಲ್ಲಿ ನಾದಿನಿಯ ಅತ್ತೆ ಹೆಂಗಸರ ನಡುವೆ ಕೌದಿ ಹರಡಿದರು. ಎಲ್ಲರೂ ಸಾಲುಗಳ ಮೇಲೆ ಬೆರಳಾಡಿಸಿ ಹೊಗಳಿದರು. ನಾನು ಒಳಗೊಳಗೇ ಉಬ್ಬಿದೆ. ನಾದಿನಿಯ ಅತ್ತೆಯ ಬೆರಳು ಆ ಮೂಲೆಗೆ ಬಂದು ನಿಂತಿತು.

"ಇಷ್ಟು ಚಂದ ಹೊಲದು ಈ ಮೂಲಿ ಯಾಕ ಹಿಂಗ ಕೆಡಿಸೀರಿ? ಯಾರು ಹೊಲದ್ರು ಇದನ್ನ?"

ಯಾರಿಗೂ ಮಾತು ಬಾಕಿ ಉಳಿಸದ ನನ್ನ ಅತ್ತೆ ತಮ್ಮ ಅಂಗೈ ನೋಡಿಕೊಂಡರು.

"ನಾನ ರೀ. ಅವಸರದಾಗ ಕೈ ತಪ್ಪಿತು."

"ಮಿಷನ್ ಬಂದ ಮ್ಯಾಲೆ ಈಗಿನವ್ರು ಕೈ ಹೊಲಿಗಿ ಮರೆತಾರ ಬಿಡ್ರೀ," ಎಂದು ಒಬ್ಬರು ನಕ್ಕರು. ಉಳಿದವರೂ ನಕ್ಕರು.

ವಾಪಸು ಮಸ್ಕಿಗೆ ಬರುವಾಗ, ಬಸ್ಸು ಸಂತೆಕಲ್ಲೂರು ದಾಟಿದ ಮೇಲೆ ಅತ್ತೆ ಕೇಳಿದರು.

"ಅಲ್ಲಿ ಯಾಕ ಹಂಗ ಅಂದಿ?"

"ಇರ್ಲಿ ಬಿಡ್ರೀ ಅತ್ತಿ."

ಅತ್ತೆ ಕಿಟಕಿಯ ಕಡೆ ಮುಖ ಮಾಡಿದರು. ನನ್ನ ಕಡೆ ತಿರುಗದೆಯೇ ಗದರಿದರು.

"ಸುಳ್ಳು ಹೇಳಿದ್ರೂ ಮಂದಿ ನಂಬೂವಂಗ ಹೇಳಬೇಕು. ನೀ ಹೊಲದಿದ್ರ ಅಷ್ಟು ಸೊಟ್ಟ ಆಗ್ತಿತ್ತೇನು?"